ಕಥೆ ಮೊದಲೇ ಗೊತ್ತಿದ್ದರೂ ಜನ ಯಾಕೆ ಬಂದು ಕೂರುತ್ತಿದ್ದರು? ಗ್ರೀಕ್ ರುದ್ರನಾಟಕ ಓದಲು ಶುರು ಮಾಡುವವರಿಗೆ

ಕಲ್ಲುಬೆಂಚು:

ನನ್ನ ತಂಗಿ ಮಗಳು ಬಿ.ಎ. ಓದುತ್ತಿದ್ದಾಳೆ. ಮೊನ್ನೆ ಊಟಕ್ಕೆ ಕೂತಾಗ ಕೇಳಿದಳು: "ಮಾಮ, ಈಡಿಪಸ್ ಅಪ್ಪನನ್ನು ಕೊಂದು ಅಮ್ಮನನ್ನೇ ಮದುವೆಯಾದ ಅಂತ ಪುಸ್ತಕದ ಹಿಂಬದಿಯಲ್ಲೇ ಬರೆದುಬಿಟ್ಟಿದ್ದಾರೆ. ಇನ್ನು ಒಳಗೆ ಓದೋಕೆ ಏನಿದೆ?" ಅವತ್ತು ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಎರಡು ದಿನದಿಂದ ಅದೇ ತಲೆಯಲ್ಲಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವಳ ಪ್ರಶ್ನೆ ಅಥೆನ್ಸಿನ ಜನಕ್ಕೂ ಅನ್ವಯಿಸುತ್ತದೆ. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಸೋಫೋಕ್ಲೀಸ್ ಅನ್ನುವ ಕವಿ ಈ ನಾಟಕ ಆಡಿಸಿದಾಗ, ನೋಡಲು ಬಂದವರಿಗೆ ಈಡಿಪಸ್ ಯಾರು ಅಂತ ಚೆನ್ನಾಗಿ ಗೊತ್ತಿತ್ತು. ಆ ಕಥೆ ಹೋಮರನ ಕಾವ್ಯದಲ್ಲೇ ಬರುತ್ತದೆ. ಆದರೂ ಸಾವಿರಾರು ಜನ ಬೆಳಿಗ್ಗೆಯೇ ಬಂದು ಕೂರುತ್ತಿದ್ದರು.

ಜಾಗ ಹೇಗಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ಅಕ್ರೊಪೊಲಿಸ್ ಬೆಟ್ಟದ ದಕ್ಷಿಣದ ಇಳಿಜಾರು. ಅಲ್ಲೇ ಡಯೊನೈಸಸ್ ದೇವರ ಗುಡಿ, ಅದರ ಪಕ್ಕದಲ್ಲೇ ರಂಗಸ್ಥಳ. ವಸಂತಕಾಲದಲ್ಲಿ, ನಮ್ಮ ಲೆಕ್ಕದಲ್ಲಿ ಮಾರ್ಚ್ ಕೊನೆಯ ಹೊತ್ತಿಗೆ, ಆ ದೇವರ ದೊಡ್ಡ ಹಬ್ಬ. ಹಬ್ಬದಲ್ಲಿ ನಾಟಕದ ಸ್ಪರ್ಧೆ. ಮೂವರು ಕವಿಗಳಿಗೆ ಅವಕಾಶ. ಒಬ್ಬೊಬ್ಬರೂ ಮೂರು ರುದ್ರನಾಟಕ (ಟ್ರ್ಯಾಜಿಡಿ) ಮತ್ತು ಕೊನೆಗೊಂದು ತಮಾಷೆಯ ಸ್ಯಾಟಿರ್ ನಾಟಕ ಆಡಿಸಬೇಕು. ಯಾವ ಕವಿಗೆ ಅವಕಾಶ ಅನ್ನುವುದನ್ನು ಆರ್ಕನ್ ಅನ್ನುವ ಅಧಿಕಾರಿ ತೀರ್ಮಾನಿಸುತ್ತಿದ್ದ. ಹಾಡಿ ಕುಣಿಯುವ ಮೇಳದವರ (ಕೋರಸ್) ತಾಲೀಮು, ಬಟ್ಟೆಬರೆಗಳ ಖರ್ಚನ್ನು ಊರಿನ ಒಬ್ಬ ಶ್ರೀಮಂತ ಹೊರಬೇಕಿತ್ತು. ತೀರ್ಪುಗಾರರನ್ನು ಚೀಟಿ ಎತ್ತಿ ಆರಿಸುತ್ತಿದ್ದರು.

ಮೂರು ಮಾತು ಇಲ್ಲೇ ಗಮನಿಸಿ. ನೋಡುವವರು ಕೂರುವ ಜಾಗ 'ಥಿಯಾಟ್ರಾನ್'. ಕೆಳಗೆ ಮೇಳದವರು ಕುಣಿಯುವ ಬಯಲು 'ಆರ್ಕೆಸ್ಟ್ರಾ'. ಅದರ ಹಿಂದೆ ನಟರು ವೇಷ ಬದಲಿಸುವ ಮರದ ಕಟ್ಟಡ 'ಸ್ಕೀನೆ'. ನಾವು ದಿನಾ ಹೇಳುವ ಥಿಯೇಟರ್, ಆರ್ಕೆಸ್ಟ್ರಾ, ಸೀನ್ ಮೂರೂ ಅಲ್ಲಿಂದಲೇ ಬಂದವು.

ನಟರು ಮೂವರೇ. ಎಲ್ಲರೂ ಗಂಡಸರು, ಎಲ್ಲರಿಗೂ ಮುಖವಾಡ. ಮೊದಲು ಮೇಳದ ಎದುರು ಒಬ್ಬನೇ ನಟ ಇದ್ದನಂತೆ. ಸೋಫೋಕ್ಲೀಸ್‌ಗಿಂತ ಹಿರಿಯ ಕವಿ ಈಸ್ಕಿಲಸ್ ಎರಡನೆಯವನನ್ನು ತಂದ, ಸೋಫೋಕ್ಲೀಸ್ ಮೂರನೆಯವನನ್ನು ತಂದ. ದೀಪ ಇಲ್ಲ, ಪರದೆ ಇಲ್ಲ. ಹಗಲು ಬೆಳಕಲ್ಲೇ ನಾಟಕ.

ಈಗ ಪ್ರಶ್ನೆಗೆ ಬರುತ್ತೇನೆ. ಈಡಿಪಸ್ ನಾಟಕದ ಮಧ್ಯದಲ್ಲಿ ಒಂದು ದೃಶ್ಯ ಇದೆ. ಈಡಿಪಸ್‌ನ ಹೆಂಡತಿ, ರಾಣಿ ಜೊಕಾಸ್ಟಾ ಹೂಮಾಲೆ, ಧೂಪ ಹಿಡಿದು ಅಪೊಲೊ ದೇವರ ಹತ್ತಿರ ಬರುತ್ತಾಳೆ. ಗಂಡನ ಮನಸ್ಸು ಕೆಟ್ಟಿದೆ, ಶಾಂತಿ ಕೊಡು ಅಂತ ಬೇಡುತ್ತಾಳೆ. ಆ ಗಳಿಗೆಯಲ್ಲೇ ಕೊರಿಂತ್‌ನಿಂದ ಒಬ್ಬ ಮುದುಕ ಬರುತ್ತಾನೆ. ಅವನು ತಂದಿರುವುದು ಸಿಹಿ ಸುದ್ದಿ ಅಂತಲೇ ಅವನ ನಂಬಿಕೆ. ಈಡಿಪಸ್ ತನ್ನ ಅಪ್ಪ ಅಂದುಕೊಂಡಿದ್ದ ಕೊರಿಂತ್ ರಾಜ ಪಾಲಿಬಸ್ ವಯಸ್ಸಾಗಿ ತೀರಿಕೊಂಡ, ಆ ಊರಿನವರು ಈಡಿಪಸ್‌ನನ್ನೇ ರಾಜ ಮಾಡುತ್ತಾರೆ. ಜೊಕಾಸ್ಟಾಗೆ ಎಲ್ಲಿಲ್ಲದ ಸಂತೋಷ. ಅಪ್ಪನನ್ನು ಕೊಲ್ಲುತ್ತೀಯ ಅಂತ ದೇವವಾಣಿ ಹೇಳಿತ್ತಲ್ಲ, ನೋಡು, ಆ ಅಪ್ಪ ತಾನಾಗಿಯೇ ಸತ್ತ!

ಈಡಿಪಸ್‌ಗೆ ಇನ್ನೂ ಒಂದು ಹೆದರಿಕೆ ಉಳಿದಿದೆ. ಅಮ್ಮ ಬದುಕಿದ್ದಾಳಲ್ಲ, ದೇವವಾಣಿಯ ಇನ್ನರ್ಧ ನಿಜವಾದರೆ? ಮುದುಕನಿಗೆ ಪಾಪ ಅನಿಸುತ್ತದೆ. ಸಮಾಧಾನ ಮಾಡಲು ಹೇಳುತ್ತಾನೆ: ಹೆದರಬೇಡ ಮಗನೇ, ಪಾಲಿಬಸ್ ನಿನ್ನ ಹೆತ್ತ ಅಪ್ಪನೇ ಅಲ್ಲ. ನಿನ್ನನ್ನು ಅವನ ಕೈಗೆ ಕೊಟ್ಟವನು ನಾನೇ.

ಅಲ್ಲಿಂದ ಎಲ್ಲ ಕುಸಿಯುತ್ತದೆ. ಕೆಟ್ಟದ್ದು ಮಾಡಬೇಕು ಅಂತ ಯಾರೂ ಬಂದಿಲ್ಲ. ಒಬ್ಬ ಮುದುಕ ಪ್ರೀತಿಯಿಂದ ಒಂದು ಮಾತು ಹೇಳಿದ, ಅಷ್ಟೇ. ಇಳಿಜಾರಿನಲ್ಲಿ ಕೂತ ಜನಕ್ಕೆ ಅದು ಯಾವ ಮಾತು ಅಂತ ಗೊತ್ತು, ಆಡಿದವನಿಗೆ ಗೊತ್ತಿಲ್ಲ. ಕಥೆ ಗೊತ್ತಿಲ್ಲದೆ ನೋಡುವವನಿಗೆ ಈ ದೃಶ್ಯದಲ್ಲಿ ಮುಂದೇನು ಅನ್ನುವ ಕುತೂಹಲ ಮಾತ್ರ ಇರುತ್ತದೆ. ಗೊತ್ತಿದ್ದವನಿಗೆ "ಬೇಡ, ಹೇಳಬೇಡ" ಅಂತ ಗಂಟಲಿಗೆ ಬರುತ್ತದೆ. ಕಥೆ ಗೊತ್ತಿರುವುದರಿಂದಲೇ ಈ ನಾಟಕ ಕೆಲಸ ಮಾಡುತ್ತದೆ ಅನ್ನುವುದು ನನ್ನ ಉತ್ತರ. ನೀವೇನಂತೀರಿ?

ಹೊಸ ಓದುಗಿ:

ಸರ್, ನಾನು ಒಂದೇ ಒಂದು ಗ್ರೀಕ್ ನಾಟಕ ಓದಿರುವುದು, ಅದೂ ಇದೇ. ಆ ಮುದುಕನ ದೃಶ್ಯ ಓದುವಾಗ ನನಗೂ ಎದೆ ಹಿಡಿದಂತಾಯಿತು. ಆದರೆ ನನಗೆ ಸಿಟ್ಟೂ ಬಂತು. ಹುಟ್ಟುವ ಮೊದಲೇ ದೇವರು ಎಲ್ಲ ಬರೆದಾಗಿದೆ. ಅಪ್ಪ ಅಮ್ಮ ತಪ್ಪಿಸಲು ನೋಡಿದರು, ಆಗಲಿಲ್ಲ. ಇವನೂ ಊರು ಬಿಟ್ಟು ಓಡಿದ, ಆಗಲಿಲ್ಲ. ಕೊನೆಗೆ ಎಲ್ಲ ಹಣೆಬರಹ ಅನ್ನುವುದಾದರೆ ಆ ಮನುಷ್ಯನ ಪಾಲು ಏನು? ಸುಮ್ನೆ ಗೊಂಬೆ ಆಡಿಸಿದ ಹಾಗೆ ಅಲ್ವಾ?

ಸಾಕ್ಷಿಕಟ್ಟೆ:

ಮೇಡಂ, ನಾನು ಕೋರ್ಟಿನಲ್ಲಿ ಕೆಲಸ ಮಾಡುವವನು. ಈ ನಾಟಕವನ್ನು ಒಂದು ವಿಚಾರಣೆಯ ಹಾಗೆ ಓದಿ ನೋಡಿ. ಆಗ ಗೊಂಬೆಯಾಟ ಅನಿಸುವುದಿಲ್ಲ.

ದೇವವಾಣಿ ಹೇಳಿದ್ದು ಎರಡೇ: ಅಪ್ಪನನ್ನು ಕೊಲ್ಲುತ್ತೀಯ, ಅಮ್ಮನ ಜೊತೆ ಸಂಸಾರ ಮಾಡುತ್ತೀಯ. ನಾಟಕ ಶುರುವಾಗುವ ಹೊತ್ತಿಗೆ ಅವೆರಡೂ ಆಗಿಹೋಗಿ ವರ್ಷಗಳಾಗಿವೆ, ನಾಲ್ಕು ಮಕ್ಕಳೂ ಇದ್ದಾರೆ. ನಿಜ ಹುಡುಕು ಅಂತ ಯಾವ ದೇವರೂ ಅವನ ಹಣೆಯಲ್ಲಿ ಬರೆದಿರಲಿಲ್ಲ. ಈಡಿಪಸ್ ಆಳುವ ಥೀಬ್ಸ್ ಊರಿನಲ್ಲಿ ಪಿಡುಗು, ಜನ ಸಾಯುತ್ತಿದ್ದಾರೆ. ಹಿಂದಿನ ರಾಜ, ಜೊಕಾಸ್ಟಾಳ ಮೊದಲ ಗಂಡ ಲೇಯಸ್‌ನ ಕೊಲೆಗಾರನನ್ನು ಊರಿಂದ ಹೊರಗೆ ಹಾಕಿದರೆ ಪಿಡುಗು ಹೋಗುತ್ತದೆ ಅಂತ ಅಪೊಲೊ ಹೇಳಿ ಕಳಿಸಿದ್ದಾನೆ. ಆಮೇಲಿನದೆಲ್ಲ ಈಡಿಪಸ್ ತಾನಾಗಿ ಮಾಡಿದ್ದು. ಕೊಲೆಗಾರನಿಗೆ ಎಲ್ಲರ ಎದುರು ಶಾಪ ಹಾಕಿದ. ಸುಮ್ಮನಿರು ಅಂತ ಕುರುಡ ಜ್ಞಾನಿ ಟೈರೇಸಿಯಸ್ ಬೇಡಿದ, ಇವನು ಬಿಡಲಿಲ್ಲ. ಜೊಕಾಸ್ಟಾ ಬೇಡಿದಳು, ಬಿಡಲಿಲ್ಲ. ಕೊನೆಗೆ ಮುದಿ ಕುರುಬ, ಅಯ್ಯೋ, ಹೇಳಬಾರದ ಮಾತಿನ ಅಂಚಿಗೆ ಬಂದುಬಿಟ್ಟೆ ಅನ್ನುತ್ತಾನೆ. ನಾನು ಕೇಳಬಾರದ ಮಾತಿನ ಅಂಚಿಗೆ ಬಂದಿದ್ದೇನೆ, ಆದರೂ ಕೇಳಲೇಬೇಕು ಅನ್ನುತ್ತಾನೆ ಈಡಿಪಸ್.

ಕಣ್ಣು ಕಿತ್ತುಕೊಂಡು ಹೊರಗೆ ಬಂದಾಗ ಮೇಳದವರು ಕೇಳುತ್ತಾರೆ, ಯಾವ ದೇವರು ನಿನಗೆ ಇದನ್ನು ಮಾಡಿಸಿದ ಅಂತ. ಅವನ ಉತ್ತರ ನನಗೆ ಬಾಯಿಪಾಠ ಆಗಿದೆ. ಈ ಕಷ್ಟ ತಂದವನು ಅಪೊಲೊ, ಆದರೆ ಕಣ್ಣಿಗೆ ಇರಿದ ಕೈ ನನ್ನದೇ, ಬೇರೆ ಯಾರದ್ದೂ ಅಲ್ಲ. ನೀವು ಕೇಳಿದ ಪಾಲು ಅದೇ ಮೇಡಂ. ಎಷ್ಟೋ ಜನ ಅರ್ಧ ನಿಜ ಕಂಡ ಕೂಡಲೇ ಫೈಲು ಮುಚ್ಚುವುದನ್ನು ನೋಡಿದ್ದೇನೆ. ಈ ಮನುಷ್ಯ ಮುಚ್ಚಲಿಲ್ಲ. ಅದಕ್ಕೇ ಅವನ ಮೇಲೆ ನನಗೆ ಅಪಾರ ಗೌರವ.

ತುಂಗಾತೀರ:

ಮೇಲಿನ ಮಾತಿಗೆ ಸೇರಿಸಿ ಒಂದು ತಕರಾರು. ನಮ್ಮ ಕಾಲೇಜಿನಲ್ಲಿ "ನಾಯಕನ ಒಂದು ದೋಷದಿಂದ ಅವನ ಪತನವಾಗುತ್ತದೆ" ಅಂತ ಬರೆಸಿದ್ದರು. ಈಡಿಪಸ್‌ಗೆ ಅಹಂಕಾರ, ಆಂಟಿಗೊನಿ ನಾಟಕದ ರಾಜ ಕ್ರಿಯಾನ್‌ಗೆ ಹಟ, ಹೀಗೆ ಒಬ್ಬೊಬ್ಬರಿಗೂ ಒಂದೊಂದು ದೋಷ ಹಚ್ಚಿ ಮಾರ್ಕ್ಸ್ ತಗೊಂಡೆವು.

ಅರಿಸ್ಟಾಟಲ್ ಕಾವ್ಯಮೀಮಾಂಸೆಯಲ್ಲಿ ಬಳಸಿದ ಮಾತು 'ಹಮಾರ್ತಿಯಾ'. ಆ ಧಾತುವಿಗೆ ಬಾಣ ಗುರಿ ತಪ್ಪುವುದು ಅಂತ ಅರ್ಥ. ಸ್ವಭಾವದ ಕೊಳೆ ಅನ್ನುವ ಅರ್ಥ ಅದರೊಳಗೆ ಇಲ್ಲ. ಯಾರನ್ನೋ ಇನ್ಯಾರೋ ಅಂದುಕೊಳ್ಳುವುದು, ತಿಳಿಯದೆ ಒಂದು ಹೆಜ್ಜೆ ಇಡುವುದು, ಇದೆಲ್ಲ ಗುರಿ ತಪ್ಪುವುದೇ. ಕನ್ನಡದಲ್ಲಿ ನಾವೂ "ಲೆಕ್ಕ ತಪ್ಪಿತು" ಅನ್ನುತ್ತೇವಲ್ಲ, ಅದಕ್ಕೆ ಹತ್ತಿರ. ಅರಿಸ್ಟಾಟಲ್ ಇನ್ನೂ ಒಂದು ಹೇಳುತ್ತಾನೆ. ತೀರಾ ಒಳ್ಳೆಯವನು ಬೀಳುವುದನ್ನು ನೋಡಿದರೆ ಅಸಹ್ಯ ಆಗುತ್ತದೆ, ಕೆಟ್ಟವನು ಬಿದ್ದರೆ ಮರುಕ ಬರುವುದಿಲ್ಲ. ನಡುವಿನವನು, ನಮ್ಮಂಥವನು, ತಪ್ಪು ಹೆಜ್ಜೆಯಿಂದ ಬಿದ್ದರೆ ಮರುಕವೂ ಬರುತ್ತದೆ, ನಮಗೂ ಹೀಗಾದರೆ ಅನ್ನುವ ಹೆದರಿಕೆಯೂ ಬರುತ್ತದೆ.

ಇನ್ನೊಂದು ವಿಷಯ. ಅರಿಸ್ಟಾಟಲ್ ಇದನ್ನು ಬರೆದದ್ದು ಸೋಫೋಕ್ಲೀಸ್ ತೀರಿಕೊಂಡು ಅರ್ಧ ಶತಮಾನಕ್ಕೂ ಜಾಸ್ತಿ ಆದಮೇಲೆ. ಅವನ ನಿಯಮ ಓದಿಕೊಂಡು ಯಾರೂ ಈ ನಾಟಕ ಬರೆದಿಲ್ಲ. ಮೊದಲು ನಾಟಕ ಓದಿ, ಅರಿಸ್ಟಾಟಲ್ ಆಮೇಲೆ ಇರಲಿ.

ಮಲೆನಾಡಿಗ:

ಕಲ್ಲುಬೆಂಚು ಸರ್, ಕಥೆ ಗೊತ್ತಿದ್ದೂ ನೋಡುವುದು ನಮಗೆ ಹೊಸದಲ್ಲ. ಗದಾಯುದ್ಧದ ಪ್ರಸಂಗದಲ್ಲಿ ದುರ್ಯೋಧನ ಸಾಯುತ್ತಾನೆ ಅಂತ ಗೊತ್ತಿಲ್ಲದೆ ಯಾರು ಯಕ್ಷಗಾನಕ್ಕೆ ಹೋಗುತ್ತಾರೆ? ಗ್ರೀಕರ ಮೇಳ ನಮ್ಮ ಭಾಗವತರ ಥರ ಅಂತ ಹೇಳಬಹುದಾ?

ಕಲ್ಲುಬೆಂಚು:

ಮೊದಲ ಮಾತು ಪೂರ್ತಿ ಒಪ್ಪಿದೆ. ಎರಡನೆಯದಕ್ಕೆ ಒಪ್ಪಿಗೆ ಇಲ್ಲ, ಯಾಕೆ ಅಂತ ಹೇಳುತ್ತೇನೆ.

ಭಾಗವತರು ಆಟ ನಡೆಸುವವರು. ಅವರ ಪದ ಇಲ್ಲದೆ ಪಾತ್ರ ಹೆಜ್ಜೆ ಇಡುವುದಿಲ್ಲ. ಗ್ರೀಕರ ಮೇಳ ಕಥೆಯ ಒಳಗಿನ ಜನ. ಹನ್ನೆರಡು ಜನ ಇರುತ್ತಿದ್ದರು, ಸೋಫೋಕ್ಲೀಸ್ ಅದನ್ನು ಹದಿನೈದು ಮಾಡಿದ. ಒಮ್ಮೆ ಊರಿನ ಹಿರಿಯರು, ಒಮ್ಮೆ ಸೆರೆಸಿಕ್ಕ ಹೆಂಗಸರು, ಒಮ್ಮೆ ನಾವಿಕರು. ಅವರು ಹಾಡುತ್ತಾರೆ, ಕುಣಿಯುತ್ತಾರೆ, ಹೆದರುತ್ತಾರೆ, ಬುದ್ಧಿ ಹೇಳುತ್ತಾರೆ. ಆದರೆ ಕಥೆಯ ದಾರಿ ತಿರುಗಿಸಲು ಅವರ ಕೈಯಲ್ಲಿ ಆಗುವುದು ತೀರಾ ಅಪರೂಪ.

ಈಸ್ಕಿಲಸ್‌ನ ಅಗಮೆಮ್ನಾನ್ ತೆಗೆದುಕೊಳ್ಳಿ. ಹತ್ತು ವರ್ಷದ ಟ್ರಾಯ್ ಯುದ್ಧ ಗೆದ್ದು ರಾಜ ಮನೆಗೆ ಬಂದಿದ್ದಾನೆ. ಹೆಂಡತಿ ಕ್ಲೈಟೆಮ್ನೆಸ್ಟ್ರಾ ಕೆನ್ನೀಲಿ ಬಣ್ಣದ ಬೆಲೆಬಾಳುವ ಬಟ್ಟೆ ಹಾಸಿ ಅದರ ಮೇಲೆ ನಡೆಸಿಕೊಂಡು ಒಳಗೆ ಕರೆದುಕೊಂಡು ಹೋಗುತ್ತಾಳೆ. ಬಾಗಿಲು ಮುಚ್ಚುತ್ತದೆ. ಸ್ವಲ್ಪ ಹೊತ್ತಿಗೆ ಒಳಗಿಂದ ಕೂಗು: ಅಯ್ಯೋ, ಇರಿದರು! ಹೊರಗೆ ಊರಿನ ಹಿರಿಯರು ನಿಂತಿದ್ದಾರೆ. ಅಲ್ಲಿಯವರೆಗೆ ಒಂದೇ ದನಿಯಲ್ಲಿ ಹಾಡುತ್ತಿದ್ದ ಮೇಳ ಆ ಗಳಿಗೆಯಲ್ಲಿ ಒಡೆದುಹೋಗುತ್ತದೆ. ಒಬ್ಬೊಬ್ಬನೂ ಎರಡೆರಡು ಸಾಲು ಮಾತಾಡುತ್ತಾನೆ. ಒಬ್ಬ ಊರನ್ನು ಕರೆಯೋಣ ಅನ್ನುತ್ತಾನೆ, ಇನ್ನೊಬ್ಬ ಈಗಲೇ ನುಗ್ಗೋಣ ಅನ್ನುತ್ತಾನೆ, ಮತ್ತೊಬ್ಬ ಸತ್ತಿರುವುದು ಖಾತ್ರಿ ಆಗಬೇಕಲ್ಲ ಅನ್ನುತ್ತಾನೆ. ಹನ್ನೆರಡು ಜನ ಮಾತಾಡಿ ಮುಗಿಸುವುದರೊಳಗೆ ಬಾಗಿಲು ತೆರೆಯುತ್ತದೆ. ಹೆಣದ ಪಕ್ಕ ಅವಳು ನಿಂತಿದ್ದಾಳೆ.

ಪಕ್ಕದ ಮನೆಯಲ್ಲಿ ಕೂಗು ಕೇಳಿಸಿದಾಗ ಗೇಟಿನ ಹತ್ತಿರ ಗುಂಪುಕಟ್ಟಿ ನಿಂತವರನ್ನು ನೋಡಿದ್ದೇನೆ. ಆ ಗುಂಪಿನಲ್ಲಿ ಒಮ್ಮೆ ನಾನೂ ಇದ್ದೆ. ಅವತ್ತಿನಿಂದ ಈ ಭಾಗ ಓದುವಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂರಬೇಕಾಗುತ್ತದೆ.

ಬಣ್ಣದ ಪೆಟ್ಟಿಗೆ:

ಮುಖವಾಡದ ಬಗ್ಗೆ ಯಾರೂ ಜಾಸ್ತಿ ಬರೆದಿಲ್ಲ, ನಾನು ಬರೆಯುತ್ತೇನೆ. ಹವ್ಯಾಸಿ ತಂಡದಲ್ಲಿ ಇಪ್ಪತ್ತು ವರ್ಷದಿಂದ ಪ್ರಸಾಧನ ಮಾಡುತ್ತೇನೆ. ಒಂದು ಸಲ ಆಂಟಿಗೊನಿ ನಾಟಕಕ್ಕೆ ಹಳೆ ಬಟ್ಟೆ, ಮೈದಾ ಅಂಟು ಬಳಸಿ ಮುಖವಾಡ ಮಾಡಿದ್ದೆ. ಗ್ರೀಕರದ್ದೂ ಹಗುರ ವಸ್ತುವೇ, ಗಟ್ಟಿ ಮಾಡಿದ ನಾರುಬಟ್ಟೆಯಂಥದ್ದು. ಅದಕ್ಕೇ ಒಂದೂ ಉಳಿದಿಲ್ಲ. ನಮಗೆ ಸಿಗುವುದು ಮಡಕೆಯ ಮೇಲಿನ ಚಿತ್ರ, ಕಲ್ಲು ಮತ್ತು ಮಣ್ಣಿನ ಪ್ರತಿರೂಪ, ಅಷ್ಟೇ.

ಮುಖವಾಡ ಹಾಕಿದ ನಟ ಮೊದಲ ದಿನ ಏನು ಮಾಡುತ್ತಾನೆ ಗೊತ್ತಾ? ಒಳಗೇ ಮುಖ ಕಿವುಚಿ ಅಳುತ್ತಾನೆ. ಹೊರಗೆ ಏನೂ ಕಾಣಿಸುವುದಿಲ್ಲ. ಎರಡನೇ ವಾರಕ್ಕೆ ಅಳು ಭುಜಕ್ಕೆ ಇಳಿಯುತ್ತದೆ, ಆಮೇಲೆ ಬೆನ್ನಿಗೆ, ಆಮೇಲೆ ದನಿಗೆ. ತಲೆ ಸ್ವಲ್ಪ ಬಗ್ಗಿಸಿದರೆ ಅದೇ ಮುಖವಾಡ ದುಃಖದ್ದು ಅನಿಸುತ್ತದೆ, ಎತ್ತಿದರೆ ಬೇರೆ. ಬೆಟ್ಟದ ಮೇಲಿನ ಸಾಲಿನಲ್ಲಿ ಕೂತವನಿಗೆ ಕಣ್ಣೀರು ಹೇಗೂ ಕಾಣುವುದಿಲ್ಲ, ಭುಜ ಕಾಣುತ್ತದೆ.

ಮೂವರೇ ನಟರು ಅಂದಿರಲ್ಲ, ಆದ್ದರಿಂದ ಒಬ್ಬನೇ ಎರಡು ಮೂರು ಪಾತ್ರ ಮಾಡಬೇಕು. ಮೂರನೆಯ ದೊಡ್ಡ ಕವಿ ಯೂರಿಪಿಡೀಸನ 'ಬಾಕೇ' ನಾಟಕದಲ್ಲಿ ರಾಜ ಪೆಂಥಿಯಸ್‌ನನ್ನು ಹೆತ್ತ ತಾಯಿ ಅಗಾವೆಯೇ ಮೈಮೇಲೆ ಬಂದ ಸ್ಥಿತಿಯಲ್ಲಿ ಸಿಂಹದ ಮರಿ ಅಂದುಕೊಂಡು ಹರಿದು ಕೊಲ್ಲುತ್ತಾಳೆ. ಮಗನ ತಲೆ ಹಿಡಿದು ಬರುತ್ತಾಳೆ. ಪೆಂಥಿಯಸ್ ಮತ್ತು ಅಗಾವೆ ಇಬ್ಬರನ್ನೂ ಒಬ್ಬನೇ ನಟ ಮಾಡಿರಬೇಕು ಅಂತ ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ಆ ತಲೆ ಯಾವುದು? ಸ್ವಲ್ಪ ಹೊತ್ತಿನ ಹಿಂದೆ ಅವನೇ ಹಾಕಿಕೊಂಡಿದ್ದ ಮುಖವಾಡ ಇರಬಹುದು. ನಾನು ಮಾಡಿದ ಮುಖವಾಡವನ್ನು ನಟನೊಬ್ಬ ಹಾಗೆ ಕೈಯಲ್ಲಿ ಹಿಡಿದು ನಿಂತರೆ ಹೇಗಿರುತ್ತದೆ ಅಂತ ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಹಳೆಯ ಕಥೆ. ಪೋಲಸ್ ಅನ್ನುವ ಹೆಸರಾಂತ ನಟ ಇದ್ದ. ಸೋಫೋಕ್ಲೀಸನ ಎಲೆಕ್ಟ್ರಾ ನಾಟಕದಲ್ಲಿ ಅಕ್ಕ ತನ್ನ ತಮ್ಮನ ಬೂದಿ ಅಂದುಕೊಂಡು ಒಂದು ಪಾತ್ರೆ ಹಿಡಿದು ಅಳುವ ದೃಶ್ಯ ಇದೆ. ಪೋಲಸ್‌ನ ಸ್ವಂತ ಮಗ ತೀರಿಕೊಂಡಿದ್ದ. ಅವನು ಎಲೆಕ್ಟ್ರಾ ಪಾತ್ರಕ್ಕೆ ರಂಗಕ್ಕೆ ಬಂದಾಗ ಮಗನ ಬೂದಿ ಇದ್ದ ಪಾತ್ರೆಯನ್ನೇ ತಂದಿದ್ದನಂತೆ. ರೋಮಿನ ಲೇಖಕ ಗೆಲಿಯಸ್ ಇದನ್ನು ಬರೆದಿಟ್ಟಿದ್ದಾನೆ.

ತುಂಗಾತೀರ:

ಬಾಯಿಗೆ ಮಾತು ಬರುತ್ತಿಲ್ಲ. ಬೂದಿಯ ಕಥೆ ನನಗೆ ಗೊತ್ತಿರಲಿಲ್ಲ.

ಹಳೆ ಕಪಾಟು:

ಶೀರ್ಷಿಕೆಯಲ್ಲಿ 'ರುದ್ರನಾಟಕ' ಅಂತ ಹಾಕಿದ್ದಕ್ಕೆ ಕಲ್ಲುಬೆಂಚು ಅವರಿಗೆ ಧನ್ಯವಾದ. ಎಲ್ಲರೂ 'ದುರಂತ ನಾಟಕ' ಅನ್ನುತ್ತಾರೆ. ಅದರಿಂದ ಒಂದು ತೊಂದರೆ ಇದೆ. ಅಂತ್ಯ ಕೆಟ್ಟದಾದರೆ ಮಾತ್ರ ಟ್ರ್ಯಾಜಿಡಿ ಅನ್ನುವ ಅರ್ಥ ಬಂದುಬಿಡುತ್ತದೆ. ಗ್ರೀಕರಿಗೆ ಹಾಗಿರಲಿಲ್ಲ. ಈಸ್ಕಿಲಸ್‌ನ ಒರೆಸ್ಟಿಯಾ ಮೂರು ನಾಟಕಗಳ ಸರಣಿ, ಕ್ರಿಸ್ತಪೂರ್ವ 458ರದ್ದು. ಕೊಲೆಗೆ ಕೊಲೆ ಅಂತ ಹೊರಟ ಕಥೆ ಕೊನೆಗೆ ಅಥೆನ್ಸಿನ ನ್ಯಾಯಾಲಯದಲ್ಲಿ ಮತ ಎಣಿಸಿ ನಿಲ್ಲುತ್ತದೆ, ಸೇಡಿನ ದೇವತೆಗಳು ಊರಿಗೆ ಒಳಿತು ಮಾಡುವ ದೇವತೆಗಳಾಗುತ್ತಾರೆ. ಸೋಫೋಕ್ಲೀಸನ ಫಿಲೊಕ್ಟೀಟಿಸ್, ಯೂರಿಪಿಡೀಸನ ಅಯಾನ್, ಹೆಲೆನ್ ಯಾವುದರಲ್ಲೂ ಕೊನೆಗೆ ನಾಯಕ ನಾಯಕಿಯರು ಸಾಯುವುದಿಲ್ಲ. ಎಲ್ಲವೂ ಟ್ರ್ಯಾಜಿಡಿಗಳೇ.

ಕನ್ನಡಕ್ಕೆ ಈ ಜಗತ್ತನ್ನು ಮೊದಲು ಸರಿಯಾಗಿ ತೋರಿಸಿಕೊಟ್ಟವರು ಬಿ.ಎಂ.ಶ್ರೀ. ಅವರು ಬಳಸಿದ್ದು 'ರುದ್ರ' ಅನ್ನುವ ಮಾತು. ರನ್ನನ ಕಾವ್ಯ ಹಿಡಿದು ಗ್ರೀಕ್ ಅಚ್ಚಿನಲ್ಲಿ 'ಗದಾಯುದ್ಧ ನಾಟಕಂ' ಕಟ್ಟಿದರು. 1929ರಲ್ಲಿ 'ಅಶ್ವತ್ಥಾಮನ್' ಬಂತು. ಅದರ ಹಿಂದೆ ಇರುವುದು ಸೋಫೋಕ್ಲೀಸನ ಏಜಾಕ್ಸ್.

ಹೋಲಿಕೆ ಎಷ್ಟು ಚೆನ್ನಾಗಿ ಹಿಡಿದಿದ್ದಾರೆ ನೋಡಿ. ಏಜಾಕ್ಸ್ ಟ್ರಾಯ್ ಯುದ್ಧದಲ್ಲಿ ಗ್ರೀಕರ ದೊಡ್ಡ ವೀರ. ಸತ್ತ ಅಕಿಲೀಸನ ಆಯುಧಗಳು ತನಗೆ ಸಿಗಬೇಕಿತ್ತು, ಒಡಿಸ್ಯೂಸನಿಗೆ ಕೊಟ್ಟರು ಅಂತ ಕುದಿಯುತ್ತಾನೆ. ರಾತ್ರಿ ಎದ್ದು ನಾಯಕರನ್ನೆಲ್ಲ ಕೊಲ್ಲಲು ಹೋಗುತ್ತಾನೆ. ಅಥೀನಾ ದೇವತೆ ಅವನಿಗೆ ಮರುಳು ಹಿಡಿಸುತ್ತಾಳೆ. ಬೆಳಗಾದಾಗ ನೋಡಿದರೆ ಕೊಂದಿರುವುದು ದನ, ಕುರಿಗಳನ್ನು. ಆ ಅವಮಾನ ತಾಳದೆ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ನಮ್ಮಲ್ಲಿ ರಾತ್ರಿ ಶಿಬಿರಕ್ಕೆ ನುಗ್ಗಿ ಮಲಗಿದ್ದವರನ್ನು ಕೊಂದ ವೀರ ಯಾರು ಅಂದರೆ ಅಶ್ವತ್ಥಾಮನೇ ಅಲ್ವಾ? ಆದರೆ ಅವನು ಚಿರಂಜೀವಿ. ಚಿರಂಜೀವಿಯನ್ನು ರಂಗದ ಮೇಲೆ ಸಾಯಿಸಬಹುದೇ ಅಂತ ಆಕ್ಷೇಪಣೆ ಬಂತು. ಶ್ರೀಯವರಿಗೆ ಅದು ಗೊತ್ತಿರಲಿಲ್ಲ ಅಂತೇನಿಲ್ಲ. ತಾನು ಮಾಡಿದ್ದರ ಎದುರು ನಿಂತ ಮನುಷ್ಯನಿಗೆ ಸಾವು ಒಂದು ಬಿಡುಗಡೆ ಆಗಬಹುದು ಅನ್ನುವ ಗ್ರೀಕ್ ನೋಟ ಅವರಿಗೆ ಬೇಕಿತ್ತು ಅಂತ ನನಗೆ ಅನಿಸುತ್ತದೆ. ಭಾಷೆ ಹಳಗನ್ನಡದ ಕಡೆಗೆ ವಾಲಿದೆ, ಓದಲು ಸ್ವಲ್ಪ ಕಷ್ಟ. ಗಟ್ಟಿಯಾಗಿ ಓದಿದರೆ ದಾರಿ ಬಿಡುತ್ತದೆ.

ಆಮೇಲೆ ಪಿ. ಲಂಕೇಶ್ ಈಡಿಪಸ್ ಮತ್ತು ಆಂಟಿಗೊನಿ ಎರಡನ್ನೂ ಆಡುಮಾತಿನ ಗಟ್ಟಿ ಕನ್ನಡಕ್ಕೆ ತಂದರು. ಹೊಸಬರು ಅಲ್ಲಿಂದ ಶುರು ಮಾಡಬಹುದು.

ಸಾಕ್ಷಿಕಟ್ಟೆ:

ಬಿ.ಎಂ.ಶ್ರೀ ಅವರ 'ಪಾರಸಿಕರು' ಬಿಟ್ಟಿರಿ! ಈಸ್ಕಿಲಸ್‌ನ ನಾಟಕದ ಅನುವಾದ ಅದು. ನಮಗೆ ಉಳಿದಿರುವ ಗ್ರೀಕ್ ನಾಟಕಗಳಲ್ಲಿ ಎಲ್ಲಕ್ಕಿಂತ ಹಳೆಯದು ಅದೇ, ಕ್ರಿಸ್ತಪೂರ್ವ 472. ಮೇಳದ ಖರ್ಚು ಹೊತ್ತವನು ಆಗಿನ್ನೂ ಯುವಕನಾಗಿದ್ದ ಪೆರಿಕ್ಲೀಸ್, ಮುಂದೆ ಅಥೆನ್ಸಿನ ದೊಡ್ಡ ನಾಯಕ ಆದವನು.

ಹಿನ್ನೆಲೆ ಕೇಳಿ. ಎಂಟು ವರ್ಷದ ಹಿಂದೆ, 480ರಲ್ಲಿ, ಪರ್ಷಿಯಾದ ದೊರೆ ಜೆರ್ಕ್ಸಿಸ್ ಬಂದು ಅಥೆನ್ಸನ್ನು ಸುಟ್ಟುಹಾಕಿದ್ದ. ಸಲಾಮಿಸ್ ಕಡಲಿನಲ್ಲಿ ಅವನ ಹಡಗುಗಳನ್ನು ಗ್ರೀಕರು ಮುಳುಗಿಸಿದರು. ನಾಟಕ ನೋಡಲು ಕೂತವರಲ್ಲಿ ಆ ಹಡಗುಗಳಲ್ಲಿ ಹುಟ್ಟು ಹಾಕಿದವರಿದ್ದರು, ಮನೆ ಕಳೆದುಕೊಂಡವರಿದ್ದರು. ಈಸ್ಕಿಲಸ್ ಸ್ವತಃ 490ರಲ್ಲಿ ಮ್ಯಾರಥಾನ್‌ನಲ್ಲಿ ಹೋರಾಡಿದವನು, ಅವನ ಅಣ್ಣನೋ ತಮ್ಮನೋ ಒಬ್ಬ ಅಲ್ಲೇ ಸತ್ತ. ಇಂಥವನು ಗೆಲುವಿನ ನಾಟಕ ಬರೆಯಲು ಕೂತು ಕಥೆಯನ್ನು ಎಲ್ಲಿ ಇಟ್ಟ? ಶತ್ರುವಿನ ಅರಮನೆಯಲ್ಲಿ. ಮೇಳದವರು ಪರ್ಷಿಯಾದ ಮುದುಕರು. ದೊರೆಯ ತಾಯಿ ಕೆಟ್ಟ ಕನಸು ಕಂಡು ಎದ್ದು ಬಂದಿದ್ದಾಳೆ. ಅಥೆನ್ಸ್ ಅನ್ನುವುದು ಎಲ್ಲಿದೆ, ಆ ಜನಕ್ಕೆ ಒಡೆಯ ಯಾರು ಅಂತ ಕೇಳುತ್ತಾಳೆ. ಅವರು ಯಾರ ಆಳೂ ಅಲ್ಲವಂತೆ ಅನ್ನುವ ಉತ್ತರ ಬರುತ್ತದೆ. ಆಮೇಲೆ ದೂತ ಬಂದು ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಕೊನೆಗೆ ಜೆರ್ಕ್ಸಿಸ್ ಹರಿದ ಬಟ್ಟೆಯಲ್ಲಿ ಒಬ್ಬನೇ ಬರುತ್ತಾನೆ, ನಾಟಕ ಅಳುವಿನಲ್ಲಿ ಮುಗಿಯುತ್ತದೆ.

ತಮ್ಮ ಮನೆ ಸುಟ್ಟವನ ತಾಯಿಯ ಅಳುವನ್ನು ಅಥೆನ್ಸಿನವರು ಕೂತು ನೋಡಿದರು. ಆ ಸಲ ಮೊದಲ ಬಹುಮಾನ ಈಸ್ಕಿಲಸ್‌ಗೇ ಬಂತು. ಗೆದ್ದ ಎಂಟನೇ ವರ್ಷಕ್ಕೆ ಇಂಥ ನಾಟಕ ನೋಡಿ ಬಹುಮಾನ ಕೊಡುವ ಊರು ಬೇರೆ ಎಲ್ಲಾದರೂ ಇದ್ದೀತೇ ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ತುಂಗಾತೀರ:

ಅದೇ ಜನ ಇನ್ನೊಂದು ಕಡೆ ದಂಡವನ್ನೂ ಹಾಕಿದ್ದರು. ಮಿಲೇಟಸ್ ಅಥೆನ್ಸಿನ ನಂಟಿನ ಊರು. 494ರಲ್ಲಿ ಪರ್ಷಿಯಾದವರು ಅದನ್ನು ಹಾಳು ಮಾಡಿದರು. ಫ್ರಿನಿಕಸ್ ಅನ್ನುವ ಕವಿ ಆ ಊರು ಬಿದ್ದ ಕಥೆಯನ್ನೇ ನಾಟಕ ಮಾಡಿದ. ನೋಡಿದವರೆಲ್ಲ ಬಿಕ್ಕಿ ಬಿಕ್ಕಿ ಅತ್ತರು. ನಮ್ಮದೇ ನೋವನ್ನು ನೆನಪಿಸಿದ ಅಂತ ಅವನಿಗೆ 1000 ಡ್ರಾಕ್ಮಾ ದಂಡ ಹಾಕಿ, ಆ ನಾಟಕ ಇನ್ನು ಯಾರೂ ಆಡಬಾರದು ಅಂದರು. ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಹತ್ತಿರದ ಗಾಯ ತೀರಾ ಉರಿಯುತ್ತದೆ. ರುದ್ರನಾಟಕಗಳು ಸಾಮಾನ್ಯವಾಗಿ ಟ್ರಾಯ್, ಥೀಬ್ಸ್ ಅಂತ ದೂರದ ಹಳೆಯ ಕಥೆಗೆ ಹೋಗುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಮಲೆನಾಡಿಗ:

ಗ್ರೀಕ್ ನಾಟಕದಲ್ಲಿ ಕನ್ನಡ ಮಾತು ಇದೆ ಅಂತ ಎಲ್ಲೋ ಓದಿದ್ದೆ. ಇದೇನಾ ಅದು?

ಹಳೆ ಕಪಾಟು:

ಅದು ಬೇರೆ, ಅದರಲ್ಲೂ ತುಂಬಾ ಆಮೇಲಿನದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಹಾಳೆಯ ಮೇಲಿನ ಪ್ರಹಸನ. ಹಾಳೆ ಕ್ರಿಸ್ತಶಕ 2ನೇ ಶತಮಾನದ್ದು. ಖಾರಿಟಿಯಾನ್ ಅನ್ನುವ ಗ್ರೀಕ್ ಹುಡುಗಿ ಭಾರತದ ಕರಾವಳಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ, ಅವಳ ಅಣ್ಣ ಬಂದು ಬಿಡಿಸುತ್ತಾನೆ. ಅಲ್ಲಿನ ರಾಜ ಮತ್ತು ಪರಿವಾರದವರು ಗ್ರೀಕ್ ಅಲ್ಲದ ಮಾತಾಡುತ್ತಾರೆ. ಅದು ಕನ್ನಡ ಅಂತ ಹುಲ್ಟ್ಸ್ ಅನ್ನುವ ಜರ್ಮನ್ ವಿದ್ವಾಂಸರು ಮೊದಲು ಹೇಳಿದರು. ನಮ್ಮಲ್ಲಿ ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಅದರ ಬಗ್ಗೆ ಬರೆದರು. ಒಪ್ಪದ ವಿದ್ವಾಂಸರೂ ಇದ್ದಾರೆ, ಅದು ತೀರ್ಮಾನವಾದ ವಿಷಯವಲ್ಲ. ನಮ್ಮ ಚರ್ಚೆಗೆ ಸಂಬಂಧ ಇರುವುದು ಇಷ್ಟು: ಆ ಪ್ರಹಸನದ ಚೌಕಟ್ಟು ಯೂರಿಪಿಡೀಸನ ರುದ್ರನಾಟಕದಿಂದ ಬಂದದ್ದು. ದೂರದ ಟಾರಿಸ್ ನಾಡಿನಲ್ಲಿ ಸಿಕ್ಕಿಹಾಕಿಕೊಂಡ ಇಫಿಜೀನಿಯಾಳನ್ನು ತಮ್ಮ ಒರೆಸ್ಟಿಸ್ ಬಂದು ಕರೆದೊಯ್ಯುವ ಕಥೆ ಅದು. ಯೂರಿಪಿಡೀಸ್ ಸತ್ತು ಐದಾರು ನೂರು ವರ್ಷ ಆದಮೇಲೂ ಈಜಿಪ್ಟಿನ ಒಂದು ಊರಿನಲ್ಲಿ ಅವನ ಕಥೆ ಹಿಡಿದು ಜನ ನಗುತ್ತಿದ್ದರು.

ಹೊಸ ಓದುಗಿ:

ಒಟ್ಟು ಎಷ್ಟು ನಾಟಕ ಉಳಿದಿವೆ? ಯಾವ ಕ್ರಮದಲ್ಲಿ ಓದಲಿ?

ಕಲ್ಲುಬೆಂಚು:

ಈಸ್ಕಿಲಸ್ ಹೆಸರಲ್ಲಿ 7, ಸೋಫೋಕ್ಲೀಸ್ 7, ಯೂರಿಪಿಡೀಸ್ 19. ಒಂದೆರಡನ್ನು ಅವರೇ ಬರೆದರೋ ಇಲ್ಲವೋ ಅನ್ನುವ ತಕರಾರಿದೆ. ಸೋಫೋಕ್ಲೀಸ್ ಒಬ್ಬನೇ ನೂರಕ್ಕೂ ಜಾಸ್ತಿ ಬರೆದಿದ್ದ. ಅಥೆನ್ಸಿನವರು ಮೂವರ ನಾಟಕಗಳದ್ದೂ ಅಧಿಕೃತ ಪ್ರತಿ ಮಾಡಿಸಿಟ್ಟಿದ್ದರು. ಈಜಿಪ್ಟಿನ ದೊರೆ ಟಾಲೆಮಿ ನಕಲು ಮಾಡಿಕೊಳ್ಳುತ್ತೇನೆ ಅಂತ 15 ಟ್ಯಾಲೆಂಟ್ (ಆಗಿನ ಒಂದು ತೂಕ) ಬೆಳ್ಳಿ ಠೇವಣಿ ಇಟ್ಟು ಅಲೆಕ್ಸಾಂಡ್ರಿಯಾಕ್ಕೆ ತರಿಸಿಕೊಂಡನಂತೆ. ಆಮೇಲೆ ಮೂಲವನ್ನು ತಾನೇ ಇಟ್ಟುಕೊಂಡು ನಕಲನ್ನು ವಾಪಸ್ ಕಳಿಸಿದ, ಠೇವಣಿ ಹೋದರೆ ಹೋಗಲಿ ಅಂದ. ಅಷ್ಟು ಆಸೆಪಟ್ಟು ಕೂಡಿಟ್ಟರೂ ಬಹುಪಾಲು ಕಳೆದುಹೋಯಿತು.

ಓದುವ ಕ್ರಮಕ್ಕೆ ನಿಯಮ ಏನಿಲ್ಲ. ಈಡಿಪಸ್ ಆಯಿತು, ಈಗ ಆಂಟಿಗೊನಿ ಹಿಡಿಯಿರಿ. ಅಣ್ಣನ ಹೆಣಕ್ಕೆ ಮಣ್ಣು ಹಾಕಬಾರದು ಅನ್ನುವ ರಾಜಾಜ್ಞೆ, ಹಾಕಿಯೇ ತೀರುತ್ತೇನೆ ಅನ್ನುವ ತಂಗಿ. ಆಮೇಲೆ ಯೂರಿಪಿಡೀಸನ 'ಮೀಡಿಯಾ'. ಗಂಡನ ಮೇಲಿನ ಸೇಡಿಗೆ ಹೆತ್ತ ಮಕ್ಕಳನ್ನೇ ಕೊಲ್ಲುವ ಮುನ್ನ ಅವಳು ತನ್ನೊಳಗೇ ಜಗಳ ಆಡುವ ಭಾಷಣ ಇದೆ, ಅದಕ್ಕಾಗಿಯಾದರೂ ಓದಿ. ಕ್ರಿಸ್ತಪೂರ್ವ 431ರ ಸ್ಪರ್ಧೆಯಲ್ಲಿ ಅದನ್ನು ಆಡಿಸಿದ ಯೂರಿಪಿಡೀಸನಿಗೆ ಸಿಕ್ಕಿದ್ದು ಮೂರನೇ ಸ್ಥಾನ, ಅಂದರೆ ಕೊನೆಯದು. ಈಡಿಪಸ್ ಆಡಿದ ವರ್ಷವೂ ಸೋಫೋಕ್ಲೀಸನಿಗೆ ಮೊದಲ ಬಹುಮಾನ ಬರಲಿಲ್ಲ. ಅಗಮೆಮ್ನಾನ್ ಸ್ವಲ್ಪ ಕಷ್ಟ, ಆಮೇಲೆ ಓದಿ, ಆದರೆ ಬಿಡಬೇಡಿ.

ಹೊಸ ಓದುಗಿ:

ಎರಡು ವಾರ ಆದಮೇಲೆ ಬರೆಯುತ್ತಿದ್ದೇನೆ. ಆಂಟಿಗೊನಿ ಶುರು ಮಾಡುವ ಮೊದಲು ಈಡಿಪಸ್‌ನ ಆ ಮುದುಕನ ದೃಶ್ಯವನ್ನು ಇನ್ನೊಂದು ಸಲ ಓದಬೇಕು ಅನಿಸಿತು. ಅಮ್ಮ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು, ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಆ ಹೆಂಗಸಿಗೆ ಯಾವಾಗ ಗೊತ್ತಾಯ್ತು?"

ನನಗೆ ಹೇಳಲು ಆಗಲಿಲ್ಲ. ಪುಟ ತಿರುಗಿಸಿ ಹುಡುಕಿದೆ. ಜೊಕಾಸ್ಟಾ ಅಲ್ಲೇ ನಿಂತಿದ್ದಾಳೆ, ಆದರೆ ತುಂಬಾ ಹೊತ್ತು ಒಂದು ಮಾತೂ ಆಡುವುದಿಲ್ಲ. ನೀವು ಯಾರಾದರೂ ಗಮನಿಸಿದ್ದೀರಾ?

ಕಲ್ಲುಬೆಂಚು:

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಇಷ್ಟು ವರ್ಷ ಓದಿದರೂ ನಾನು ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಈಗ ಮೂಲದ ಸಾಲುಸಂಖ್ಯೆ ಇಟ್ಟುಕೊಂಡು ನೋಡಿದೆ. ಮುದುಕ ಮತ್ತು ಈಡಿಪಸ್ ಮಾತಾಡಲು ಶುರು ಮಾಡಿದಮೇಲೆ ಸುಮಾರು 70 ಸಾಲು ಅವಳು ಬಾಯಿ ಬಿಡುವುದಿಲ್ಲ.

ಆ 70 ಸಾಲಿನ ನಡುವೆ ಮುದುಕ, ಮಗುವಿನ ಎರಡೂ ಕಾಲಿನ ಗಿಣ್ಣು ಚುಚ್ಚಿ ಕಟ್ಟಿದ್ದರು, ನಾನೇ ಬಿಚ್ಚಿದೆ ಅನ್ನುತ್ತಾನೆ. ನಾಟಕದಲ್ಲಿ ಅದಕ್ಕೂ ಮೊದಲು, ದೇವವಾಣಿ ಸುಳ್ಳು ಅಂತ ಗಂಡನಿಗೆ ಧೈರ್ಯ ಹೇಳುವಾಗ, ಜೊಕಾಸ್ಟಾ ತಾನೇ ಹೇಳಿರುತ್ತಾಳೆ: ನಮಗೆ ಹುಟ್ಟಿದ ಮಗುವಿನ ಕಾಲಿನ ಗಿಣ್ಣು ಬಿಗಿದು ಲೇಯಸ್ ಬೆಟ್ಟದಲ್ಲಿ ಬಿಸಾಡಿಸಿದ ಅಂತ. ಈಡಿಪಸ್ ಅನ್ನುವ ಹೆಸರಿನ ಅರ್ಥವೇ ಬಾತ ಕಾಲಿನವನು. ಹಾಗಾಗಿ ಅವಳಿಗೆ ಗೊತ್ತಾಗಿದ್ದು ಗಿಣ್ಣಿನ ಮಾತು ಬಂದಾಗ ಅಂತ ನನ್ನ ಊಹೆ. ಗಂಡ ಇನ್ನೂ ಖುಷಿಯಲ್ಲಿ ಪ್ರಶ್ನೆ ಕೇಳುತ್ತಲೇ ಇದ್ದಾನೆ.

ಬಣ್ಣದ ಪೆಟ್ಟಿಗೆಯವರೇ, ಒಂದು ಪ್ರಶ್ನೆ. ಮುಖವಾಡದೊಳಗೆ, ಮಾತಿಲ್ಲದೆ, ಆ ಗಳಿಗೆಯನ್ನು ನಟ ಹೇಗೆ ತೋರಿಸುತ್ತಾನೆ?

ಬಣ್ಣದ ಪೆಟ್ಟಿಗೆ:

ಅವಳ ಕೈಯಲ್ಲಿ ಹೂಮಾಲೆ ಇತ್ತಲ್ಲ, ದೇವರಿಗೆ ಅಂತ ತಂದದ್ದು. ನಮ್ಮ ತಂಡದಲ್ಲಾದರೆ ನಾನು ಅದರಲ್ಲಿ ಒಂದನ್ನು ಅವಳ ಕೈಯಲ್ಲೇ ಉಳಿಸುತ್ತೇನೆ. ಗಿಣ್ಣು ಅನ್ನುವ ಮಾತಿಗೆ ಆ ಕೈ ನಿಧಾನಕ್ಕೆ ಕೆಳಗೆ ಇಳಿಯಬೇಕು. ಬೇರೇನೂ ಬೇಡ.